ಓಡದ ಕಾರಿಗೆ ಹೊಸ ಬ್ಯಾಟರಿ

ಬ್ಯಾಟರಿ ಅಂಗಡಿಯವನನ್ನು ಬೀದಿಯವರೆಲ್ಲ ಸಿಡುಕಪ್ಪ ಎನ್ನುತ್ತಿದ್ದರು. ಕಂಪನಿ ಹೆಸರು ಹಿಡಿದು ಬ್ಯಾಟರಿ ಕೇಳುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. “ಹೆಸರು ಇಟ್ಕೊಂಡು ನೆಕ್ತೀರಾ? ತಯಾರಾದ ತಿಂಗಳು ನೋಡ್ರೀ!”

ವರ್ಷ ತುಂಬುವ ಮೊದಲೇ ಮತ್ತೊಂದು ಬ್ಯಾಟರಿಗೆ ಬಂದ ಹೆಂಗಸಿನ ಮೇಲೂ ರೇಗಿದ. “ಬರೀ ಸ್ಟಾರ್ಟ್ ಮಾಡಿ ಆಫ್ ಮಾಡ್ತೀರಲ್ವಾ? ಗಾಡಿ ಓಡಿಸದಿದ್ರೆ ಎಂಥಾ ಬ್ಯಾಟರಿನೂ ಸಾಯುತ್ತಮ್ಮ.”

“ನಂಗೆ ಓಡಿಸೋಕೆ ಬರಲ್ಲ. ಓಡಿಸ್ತಿದ್ದ ಯಜಮಾನ್ರು ತೀರ್ಕೊಂಡ್ರು,” ಎಂದಳು ಅವಳು. “ಮಾವನವರಿಗೆ ಮರೆವು. ಮಗ ಇಲ್ಲ ಅಂತ ಹೇಳಿದಾಗಲೆಲ್ಲ ಹೊಸದಾಗಿ ಅಳ್ತಾರೆ. ಬೆಳಿಗ್ಗೆ ಕಾರಿನ ಸದ್ದು ಕೇಳಿದ್ರೆ, ಮಗ ಕೆಲಸಕ್ಕೆ ಹೊರಟ ಅಂದ್ಕೊಂಡು ಸುಮ್ಮನಾಗ್ತಾರೆ.”

ಸಿಡುಕಪ್ಪ ಅಂಗಡಿಯೆಲ್ಲ ತಡಕಿ, ಹೋದ ತಿಂಗಳಷ್ಟೇ ತಯಾರಾದ ಬ್ಯಾಟರಿಯೊಂದನ್ನು ಆರಿಸಿ, ತಾನೇ ಅವರ ಮನೆಗೆ ಹೋಗಿ ಕೂರಿಸಿದ.

ಮರುದಿನ ಬೆಳಿಗ್ಗೆ ಮತ್ತೆ ಹೋದ. “ಕೀ ಕೊಡಮ್ಮ, ಒಂದು ಸುತ್ತು ಓಡಿಸ್ತೀನಿ. ಚಾರ್ಜ್ ಆಗ್ಲಿ,” ಎಂದ. ಕಾರು ಗೇಟು ದಾಟುವಾಗ ಕಿಟಕಿಯಿಂದ ಮುದುಕನ ನಡುಗುವ ದನಿ ಕೇಳಿಸಿತು: “ಮಗಾ, ಬೇಗ ಬಾರೋ.”

ಯಾರಿಗೂ ನೆಟ್ಟಗೆ ಉತ್ತರ ಕೊಡದ ಸಿಡುಕಪ್ಪ, ಮುಖ ಕಾಣದಂತೆ ತಲೆ ತಗ್ಗಿಸಿ, “ಬರ್ತೀನಪ್ಪಾ,” ಎಂದ.