ಅಗಸೂರಿನಲ್ಲಿ ನೋಡಿದ ಎಂಜಿನ್

ಹಳೆಯ ಲಾರಿ ಎಂಜಿನ್ ಕೊಂಡು, ಬಿಚ್ಚಿ, ಹೊಸದಾಗಿ ಕಟ್ಟಿ ಮಾರುವ ಕೆಲಸವನ್ನು ನಾನೂ ನನ್ನ ಗೆಳೆಯನೂ ಕಾರವಾರದ ಹೆದ್ದಾರಿ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ಬಹಳ ವರ್ಷ ಮಾಡಿದೆವು. ಎಂಜಿನ್ ನೋಡಲು ಹೋಗುವಾಗ ಯಾವತ್ತೂ ಇಬ್ಬರೇ. ಒಬ್ಬ ಹಾರೆ ಹಾಕಿ ಎಂಜಿನ್ ತಿರುಗಿಸಬೇಕು, ಇನ್ನೊಬ್ಬ ಸಿಲಿಂಡರಿನ ಮೇಲಿನ ತೂತಿಗೆ ಹೆಬ್ಬೆರಳಿಟ್ಟು ಗಾಳಿ ಎಷ್ಟು ಜೋರಾಗಿ ತಳ್ಳುತ್ತದೆ ಎಂದು ನೋಡಬೇಕು. ತಿರುಗಿಸುವವನು ನಾನು, ನೋಡುವವನು ಅವನು. ಕೊಳ್ಳುವುದೋ ಬಿಡುವುದೋ ಎಂದು ಹೇಳುವವನೂ ಅವನೇ.

ಎರಡು ಸಾವಿರದ ಈಚಿನ ಆ ವರ್ಷಗಳಲ್ಲಿ ಗೋವಾದ ಗಣಿಗಳಲ್ಲಿ ಲಾರಿಗಳು ಹೆಚ್ಚಿ, ಅಲ್ಲಿನ ವರ್ಕ್‌ಶಾಪುಗಳಿಗೆ ಕೆಲಸ ಬಲ್ಲವರು ಬೇಕಾಗಿದ್ದರು. ಅವನಿಗೂ ಕರೆ ಬಂತು. ತಿಂಗಳ ಸಂಬಳ, ಇರಲು ಮನೆ, ಮಗಳಿಗೆ ಹತ್ತಿರದಲ್ಲೇ ಶಾಲೆ. ಹೋಗಬೇಡ ಎನ್ನಲು ನನಗೆ ಕಾರಣವೇನಿತ್ತು? ಹೆಂಡತಿ ಮಗಳ ಸಮೇತ ಅವನನ್ನು ರೈಲು ಹತ್ತಿಸಿ ಬಂದೆ.

ನನಗೆ ಮದುವೆಯಾಗಿರಲಿಲ್ಲ. ಹಬ್ಬುವಾಡದಲ್ಲಿ ಒಂದು ಬಾಡಿಗೆ ಕೋಣೆ. ಶೆಡ್ಡಿನ ಬಾಗಿಲು ತೆಗೆದಲ್ಲಿಂದ ಮುಚ್ಚುವವರೆಗೆ ಗಿರಾಕಿಗಳ ಜೊತೆ ಆಡಿದ್ದೇ ಮಾತು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅವನು ಕೂರುತ್ತಿದ್ದ ಜಾಗ ಎದುರಿಗೇ ಕಾಣುತ್ತಿತ್ತು. ಕೆಲವು ದಿನ ನೋಡಿ, ಆಮೇಲೆ ರಸ್ತೆಯ ಕಡೆ ಮುಖ ಮಾಡಿ ಉಣ್ಣತೊಡಗಿದೆ.

ಹಾಗಿರುವಾಗ ಯಲ್ಲಾಪುರದ ಕಡೆ ಓಡಾಡುವ ಡ್ರೈವರೊಬ್ಬ ಅಗಸೂರಿನಲ್ಲಿ ಒಂದು ಎಂಜಿನ್ ಇದೆ ಎಂದ. ಮರುದಿನವೇ ಅಂಕೋಲೆಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಹೋದೆ. ಮನೆಯಲ್ಲಿದ್ದದ್ದು ಐವತ್ತರ ಆಸುಪಾಸಿನ ಹೆಂಗಸು. ಗಂಡ ಸ್ವಂತ ಲಾರಿ ಮಾರಿ ಈಗ ಬೇರೆಯವರ ಲಾರಿಯಲ್ಲಿ ಹುಬ್ಬಳ್ಳಿ ಲೈನಿಗೆ ಹೋಗುತ್ತಿದ್ದ. ಲಾರಿಯಿಂದ ಮೊದಲೇ ಇಳಿಸಿದ್ದ ಹಳೆಯ ಎಂಜಿನ್ ಮಾತ್ರ ಕೊಟ್ಟಿಗೆಯ ಮಾಡಿನ ಕೆಳಗೆ, ತೆಂಗಿನ ದಿಮ್ಮಿಗಳ ಮೇಲೆ ಕೂತಿತ್ತು.

"ಒಬ್ರೇ ಬಂದ್ರಾ ಮೇಸ್ತ್ರಿ? ಎತ್ತೂದು ಹೆಂಗೆ?" ಎಂದಳು.

"ಇವತ್ತು ಬರೀ ನೋಡೂದು ಅಕ್ಕ. ಆದ್ರೆ ತಿರಗ್ಸುಕ್ಕೆ ಒಬ್ರು ಬೇಕಿತ್ತು."

"ನಾನು ತಿರಗಿಸ್ತೆ, ಅಡ್ಡಿಲ್ಲ. ಇದೊಂದು ಹೋದ್ರೆ ಅಲ್ಲಿ ಎಮ್ಮೆ ಕಟ್ಟೂಕಾಗ್ತದೆ."

ಅವಳು ಸೀರೆಯ ಸೆರಗು ಸಿಕ್ಕಿಸಿ ಹಾರೆ ಹಿಡಿದಳು. ನಾನು ಮೊದಲ ಬಾರಿಗೆ ಹೆಬ್ಬೆರಳಿಟ್ಟೆ. ಗಾಳಿ ಬೆರಳನ್ನು ತಳ್ಳಿತು, ಆದರೆ ಎಷ್ಟು ತಳ್ಳಿದರೆ ಸಾಕು ಎಂಬುದು ನನ್ನ ಬೆರಳಿಗೆ ಗೊತ್ತಿರಲಿಲ್ಲ. ಮೇಲಿನ ಹೆಡ್ಡು ಬಿಚ್ಚಿ ಇಬ್ಬರೂ ಸೇರಿ ಇಳಿಸಿದೆವು. ಸಿಲಿಂಡರುಗಳ ಬಾಯಿ ಸವೆದು ಉಗುರಿಗೆ ಸಿಗುವಷ್ಟು ಅಂಚು ಬಿದ್ದಿತ್ತು. ಅದೇನು ದೊಡ್ಡ ಮಾತಲ್ಲ, ಒಳಗಿನ ಕೊಳವೆಗಳನ್ನು ಬದಲಿಸಿದರಾಯಿತು. ಕೆಳಗಿನ ಶಾಫ್ಟು ಇನ್ನೊಮ್ಮೆ ಉಜ್ಜಿಸಿಕೊಳ್ಳುವಷ್ಟು ದಪ್ಪವಿತ್ತು. ಆದರೆ ಎಂಜಿನ್ನಿನ ಎರಕದ ಒಡಲಾದ ಬ್ಲಾಕಿನ ಹೊರಮೈಯ ತುಕ್ಕನ್ನು ಬ್ರಷ್ಷಿನಿಂದ ಉಜ್ಜಿದಾಗ ಸಣ್ಣದೊಂದು ಗೆರೆ ಕಂಡಿತು. ಸೀಳೋ, ಎರಕ ಹೊಯ್ಯುವಾಗಲೇ ಬಿದ್ದ ಗೀಟೋ ತಿಳಿಯಲಿಲ್ಲ. ಹಗಲ ಬೆಳಕಿಗೆ ತಲೆ ಬಗ್ಗಿಸಿ, ಆ ಕಡೆಯಿಂದ ಈ ಕಡೆಯಿಂದ ನೋಡಿದೆ. ಗೀಟಾದರೆ ಎಂಜಿನ್ ಚಿನ್ನ. ಸೀಳಾದರೆ ಗುಜರಿ.

"ನಾಳಿದ್ದು ಬತ್ತೆ" ಎಂದು ಹೇಳಿ ಹೊರಟೆ.

ಅಂಕೋಲೆ ಬಸ್ ಸ್ಟ್ಯಾಂಡಿನ ಎದುರಿನ ಬೂತಿನಿಂದ ಗೋವಾಕ್ಕೆ, ಗೆಳೆಯನ ವರ್ಕ್‌ಶಾಪಿಗೆ ಫೋನು ಮಾಡಿದೆ. ಅವನನ್ನು ಕರೆಸಲು ಹೊತ್ತು ಹಿಡಿಯಿತು. ಹಿಂದೆ ಯಂತ್ರಗಳ ಸದ್ದು. ಗೆರೆಯ ವಿಷಯ ಹೇಳಿದೆ.

"ಎಲ್ಲಿ ಉಂಟು? ಮೇಲಾ, ಮಧ್ಯಾ?"

"ಮಧ್ಯ. ನೀರು ಓಡಾಡು ಜಾಗದಲ್ಲೇ."

"ನೀರು ತುಂಬಿಸಿ ಇಟ್ಟು ನೋಡು ಮಾರಾಯ. ನಾನಿದ್ರೂ ಅದನ್ನೇ ಮಾಡ್ತಿದ್ದೆ."

"ಒಂದು ಭಾನುವಾರ ಬಂದು ಹೋಗುಕ್ಕಾಗೂದಿಲ್ವ?"

ಯಾರೋ ಅವನನ್ನು ಕೂಗಿದರು. "ಈಗ ರಜೆ ಕೊಡೂದಿಲ್ಲ. ನಿಂಗೆ ಸರಿ ಕಂಡ್ರೆ ತಗೋ" ಎಂದು ಫೋನು ಇಟ್ಟ. ಅವನ ದನಿಯಲ್ಲಿ ಬೇಸರವಾಗಲಿ ಅಸಡ್ಡೆಯಾಗಲಿ ಇರಲಿಲ್ಲ. ಕೆಲಸದ ನಡುವೆ ಬಂದವನು ಕೆಲಸಕ್ಕೆ ಹೋದ, ಅಷ್ಟೇ. ಬೂತಿನಿಂದ ಹೊರಗೆ ಬಂದ ನಾನು ಕಾರವಾರದ ಬಸ್ಸು ಕಣ್ಣೆದುರೇ ಹೋದರೂ ಹತ್ತಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ.

ಎರಡನೇ ಸಲ ಹೋಗುವಾಗ ಬ್ಲಾಕಿನೊಳಗೆ ನೀರು ಹರಿಯುವ ತೂತುಗಳಿಗೆ ಹೊಡೆಯಲು ಮರದ ಬೆಣೆಗಳನ್ನು ಕೆತ್ತಿಕೊಂಡು ಹೋಗಿದ್ದೆ. ಬಟ್ಟೆ ಸುತ್ತಿ ಹೊಡೆದು, ಬಾವಿಯಿಂದ ನೀರು ತಂದು ಮೇಲಿನವರೆಗೆ ತುಂಬಿದೆ. ಗೆರೆಯನ್ನು ಒರೆಸಿ, ಅದರ ಮೇಲೆ ಸುಣ್ಣದ ಪುಡಿ ಸವರಿ, ಎದುರಿಗೆ ಕೂತೆ. ಇನ್ನು ಮಾಡಲು ಏನೂ ಇರಲಿಲ್ಲ. ಅವಳು ಒಳಗೆ ಕೆಲಸ ಮಾಡುತ್ತಿದ್ದಳು. ರಸ್ತೆಯಲ್ಲಿ ಲಾರಿಗಳು ಘಟ್ಟದ ಕಡೆ ಏರುತ್ತಿದ್ದವು. ಗೇರು ಬದಲಾಗುವ ಸದ್ದು ಕೇಳುತ್ತ, ಬಿಳಿಯ ಆ ಪಟ್ಟಿಯನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಅವಳು ಅನ್ನ, ಸಾರು, ಹುರಿದ ಬಂಗಡೆ ತಂದು ಜಗಲಿಯ ಮೇಲಿಟ್ಟಳು.

"ಎಂತಕ್ಕೆ ಹಿಂಗೆ ಕಾಯ್ತಾ ಕೂತದ್ದು?"

"ನೀರು ಒಸರ್ತದೆಯಾ ಅಂತ. ಈ ಎಂಜಿನ್ ಯಾವಾಗಾದ್ರೂ ಕುದಿದು ನಿಂತಿತ್ತಾ ಅಕ್ಕ?"

ಅವಳು ಚೊಂಬಿನಲ್ಲಿ ನೀರು ತಂದಿಟ್ಟಳು. "ಅರಬೈಲ್ ಘಟ್ಟದಲ್ಲಿ ಒಮ್ಮೆ ನಿಂತಿತ್ತು ಅಂದಿದ್ರು. ಹಳ್ಳದ ತಣ್ಣೀರು ಹೊಯ್ದು ಮನೆ ಮುಟ್ಟಿಸಿದ್ರಂತೆ. ಅವ್ರು ಮನೆಗೆ ಬಂದಾಗ ಹೇಳಿದ್ದು. ಬರೂದೇ ಅಪರೂಪ ಈಗ."

ಕಾದ ಕಬ್ಬಿಣದ ಮೇಲೆ ತಣ್ಣೀರು. ಸೀಳಲು ಅಷ್ಟು ಸಾಕಿತ್ತು. ಆದರೂ ನಾನು ಏಳಲಿಲ್ಲ. ಉಂಡು ಕೈ ತೊಳೆದು ಬಂದು ನೋಡಿದರೆ ಸುಣ್ಣದ ನಡುವೆ ಕೂದಲಿನಷ್ಟು ತೆಳ್ಳಗೆ ಒದ್ದೆ ಕಂಡಿತು. ನೋಡುತ್ತಿದ್ದಂತೆ ಅದರ ತುದಿಯಲ್ಲಿ ಒಂದು ಹನಿ ಕಟ್ಟಿ ಕೆಳಗಿಳಿಯಿತು.

ಹುಬ್ಬಳ್ಳಿಯಲ್ಲಿ ಇಂಥ ಸೀಳನ್ನು ಲೋಹದ ಮೊಳೆಗಳಿಂದ ಹೊಲಿದು ಕೊಡುವವರಿದ್ದಾರೆ ಎಂದು ಮನಸ್ಸು ಹೇಳಿತು. ಖರ್ಚಾದರೂ ಆಗಲಿ ಎಂದಿತು. ಹನಿಯ ಎದುರು ಕೂತು ಹಾಗೆ ಲೆಕ್ಕ ಹಾಕುತ್ತಿದ್ದಾಗ ನನಗೇ ನನ್ನ ಆಸೆ ಅರ್ಥವಾಯಿತು. ಇಷ್ಟು ದೊಡ್ಡ ಎಂಜಿನ್ ಕಟ್ಟಲು ಇಬ್ಬರು ಬೇಕು. ಇದು ಶೆಡ್ಡಿಗೆ ಬಂದು ಬಿದ್ದರೆ ಅವನು ಎರಡು ಭಾನುವಾರವಾದರೂ ಬಂದಾನು. ನನಗೆ ಬೇಕಾಗಿದ್ದದ್ದು ಅದು.

"ಇದು ಕಟ್ಟುಕ್ಕೆ ಬರೂದಿಲ್ಲ ಅಕ್ಕ. ಸೀಳಿದೆ. ಗುಜರಿಯವ್ರಿಗೆ ತೂಕಕ್ಕೆ ಕೊಡಿ."

"ಹೌದಾ" ಎಂದಳು. "ಎರಡು ಸಲ ಬಂದದ್ದು ದಂಡ ಆಯ್ತು ನಿಮ್ಗೆ."

"ಇಲ್ಲ, ಊಟ ಸಿಕ್ತಲ್ಲ."

ಅವಳು ನಕ್ಕಳು. ಬೆಣೆಗಳನ್ನು ಕಿತ್ತು ನೀರು ಬಿಟ್ಟೆ. ಅಂಗಳದ ಇಳಿಜಾರಿನಲ್ಲಿ ಅದು ತುಕ್ಕಿನ ಬಣ್ಣ ಹಿಡಿದು ಹರಿಯಿತು.

ವಾರ ಕಳೆದ ಮೇಲೆ ಅವನೇ ಶೆಡ್ಡಿನ ಪಕ್ಕದ ಅಂಗಡಿಗೆ ಫೋನು ಮಾಡಿದ. "ತಗಂಡ್ಯಾ?"

"ಇಲ್ಲ. ಸೀಳಿತ್ತು."

"ಒಳ್ಳೇದಾಯ್ತು ಬಿಡು. ಮತ್ತೆ ಸಿಗ್ತದೆ ಯಾವುದಾದ್ರೂ." ಮಗಳು ಅಲ್ಲಿಯ ಕೊಂಕಣಿಯಲ್ಲೇ ಜಗಳವಾಡುವಷ್ಟು ಕಲಿತಿದ್ದಾಳೆ ಎಂದ. ಅಲ್ಲೇ ಒಂದು ಸೈಟು ನೋಡುತ್ತಿದ್ದೇನೆ ಎಂದ. ಒಳ್ಳೆಯದು ಎಂದೆ.

ಆಮೇಲೆ ನಾನು ಎಂಜಿನ್ ನೋಡಲು ಎಲ್ಲಿಗೂ ಹೋಗಲಿಲ್ಲ. ಸೆಲ್ಫ್ ಮೋಟರು, ಡೈನಮೊ, ಡೀಸೆಲ್ ಪಂಪು, ಹೀಗೆ ಒಬ್ಬನೇ ಎತ್ತಿ ಮೇಜಿನ ಮೇಲಿಡಬಹುದಾದ ಕೆಲಸಗಳನ್ನಷ್ಟೇ ಒಪ್ಪಿಕೊಂಡೆ. ಮಳೆ ಹಿಡಿಯುವ ಮೊದಲು ಶೆಡ್ಡಿನ ಅರ್ಧವನ್ನು ಪಂಕ್ಚರ್ ಹಾಕುವ ಒಬ್ಬ ಮಲಯಾಳಿಗೆ ಬಿಟ್ಟುಕೊಟ್ಟೆ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ಅವನ ಭಾಷೆ ಬಾರದು. ಆದರೆ ಮಧ್ಯಾಹ್ನ ಅವನು ರೇಡಿಯೊ ಹಚ್ಚುತ್ತಿದ್ದ, ಚಹಾ ತರಿಸುವಾಗ ನನ್ನನ್ನೂ ಸೇರಿಸಿ ಎರಡು ಹೇಳುತ್ತಿದ್ದ.