ಕೊಸರಿನ ಕೋಳಿಮರಿ

ಕೊಸರು ಕೇಳದೆ ನಾನು ಯಾವ ವ್ಯಾಪಾರವನ್ನೂ ಮುಗಿಸಿದವನಲ್ಲ. ಹುಬ್ಬಳ್ಳಿಯಲ್ಲಿ ಕೊತ್ತಂಬರಿ ಕೊಂಡರೆ ಮೇಲೆ ನಾಲ್ಕು ಮೆಣಸಿನಕಾಯಿ. ಸಿಯಾಟಲ್ ಕಡೆ ಬಂದ ಮೇಲೆ ಹಾಸಿಗೆ ಕೊಂಡರೆ ಎರಡು ದಿಂಬು. ಇಲ್ಲಿಯವರಿಗೆ ಆ ಪದ ಗೊತ್ತಿಲ್ಲ, ನಿಜ. ಆದರೆ ಕೊಂಡಾದ ಮೇಲೂ ಹೊರಡದೆ ನಗುತ್ತ ನಿಂತವನು ಏನು ಕೇಳುತ್ತಿದ್ದಾನೆಂದು ಎಲ್ಲರಿಗೂ ತಿಳಿಯುತ್ತದೆ. ನೀವೂ ನಿಂತು ನೋಡಿ. ಮೂರು ನಿಮಿಷ ಸಾಕು.

ಮಗಳು ಅನ್ವಿತಾ ನಾಯಿ ಬೇಕೆಂದಳು. ನಾನು ಚೌಕಾಸಿ ಮಾಡಿ ಅವಳನ್ನು ಕೋಳಿಮರಿಗೆ ಇಳಿಸಿದೆ. "ತತ್ತಿ ಸೈತ ತಿನ್ನದ ಮನಿಗೆ ಕೋಳಿ ಯಾಕ್ರೀ?" ಎಂದು ಹೆಂಡತಿ ಸುಮಾ ಕೇಳಿದ್ದು ನ್ಯಾಯವಾದ ಪ್ರಶ್ನೆ, ಹಾಗಾಗಿ ಕಾರಿನ ಕೀಲಿ ಹುಡುಕತೊಡಗಿದೆ. ಹತ್ತಿರದ ಡುವಾಲ್ ಎಂಬ ಊರಿನ ಒಂದು ಫಾರ್ಮಿನಲ್ಲಿ ಆರು ಮರಿ ಕೊಂಡು, ನಗುತ್ತ ನಿಂತೆ. ಫಾರ್ಮಿನ ಅಜ್ಜಿ ನಿಟ್ಟುಸಿರು ಬಿಟ್ಟು ಏಳನೆಯದೊಂದನ್ನು ಪೆಟ್ಟಿಗೆಗೆ ಹಾಕಿದಳು. ತುಸು ಗಿಡ್ಡನೆಯ ಕಂದು ಮರಿ. ಮಗಳು ಹೆಸರಿಟ್ಟಿದ್ದು ಅದೊಂದಕ್ಕೇ: ಕೊಸರು.

ಬೆಳಗಾದರೆ ಹೊಸ್ತಿಲಿಗೆ ನೀರು ಹಾಕುವ ಮನೆಯಲ್ಲಿ ಬೆಳೆದವನು ನಾನು. ಗ್ಯಾರೇಜಿನಲ್ಲಿದ್ದ ಮರಿಗಳ ಗೂಡನ್ನೂ ದಿನಾ ಪೈಪು ಹಿಡಿದು ತೊಳೆದು, ಹಸಿ ಹಲಗೆಯ ಮೇಲೇ ಮರದ ಹೊಟ್ಟು ಹರಡುತ್ತಿದ್ದೆ. ಮೂರನೇ ವಾರ ಕೊಸರು ಗರಿ ಕೆದರಿಕೊಂಡು ಮೂಲೆ ಸೇರಿತು. ಹಿಕ್ಕೆಯಲ್ಲಿ ರಕ್ತ.

ಡಾಕ್ಟರು ಕಾಕ್ಸಿಡಿಯಾ ಅಂದರು. ಕರುಳಲ್ಲಿ ಬಿಡಾರ ಹೂಡುವ ಒಂದೇ ಜೀವಕೋಶದ ಜೀವಿ. ನಾನು ಕೂತು ಓದಿದೆ. ಕೋಳಿಯನ್ನು ಹಿಡಿಯುವ ಈ ಜಾತಿ ಮೊಲವನ್ನು ಮೂಸಿಯೂ ನೋಡುವುದಿಲ್ಲ; ಮೊಲಕ್ಕೆ ಅದರದೇ ಬೇರೆ ಇದೆ, ಕುರಿಗೆ ಬೇರೆ. ಇಷ್ಟು ನಿಷ್ಠೆಯ ಗಿರಾಕಿ ಸಿಕ್ಕರೆ ಯಾರಾದರೂ ಅಂಗಡಿ ತೆರೆಯಬಹುದು. ಓದಿ ಮುಗಿಸಿ ತೀರ್ಮಾನಿಸಿದೆ: ಪುಕ್ಕಟೆ ಬಂದ ಮರಿಯೇ ರೋಗ ತಂದಿದೆ, ಬದಲಾಯಿಸಿಕೊಳ್ಳಬೇಕು.

ಡುವಾಲಿಗೆ ಹೋದೆವು. ಹಿಂದಿನ ಸೀಟಿನಲ್ಲಿ ಅನ್ವಿತಾ, ಅವಳ ತೊಡೆಯ ಮೇಲೆ ಶೂ ಡಬ್ಬಿ, ಡಬ್ಬಿಯಲ್ಲಿ ಕೊಸರು. ರೋಗದ ಸುದ್ದಿ ಕೇಳಿದ್ದೇ ಅಜ್ಜಿ ಕೈ ಅಡ್ಡ ಹಿಡಿದು ಡಬ್ಬಿಯನ್ನು ಕಾರಿನಿಂದ ಇಳಿಸಲು ಬಿಡಲಿಲ್ಲ.

"ಗೂಡು ಹೇಗಿಟ್ಟಿದೀಯ?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

"ದಿನಾ ತೊಳೀತೀನಿ," ಎಂದೆ, ಹೊಗಳಿಕೆಗೆ ಕಾಯುತ್ತ.

"ಒಣಗಿಸ್ತೀಯ?"

ನಾನು ಹೊರಗೆ ಸುರಿಯುತ್ತಿದ್ದ ಮಳೆಯನ್ನು ನೋಡಿದೆ.

"ಇದು ಎಲ್ಲಾ ಕೋಳಿಯಲ್ಲೂ ಚೂರುಪಾರು ಇರುತ್ತೆ. ನೆಲ ಒಣಗಿದ್ರೆ ಅದರ ಆಟ ನಡೆಯಲ್ಲ. ನೀನು ದಿನಾ ನೀರು ಹಾಕಿ ಬೆಳೆಸಿದೀಯ."

ಮಾತಿಗೆ ಎದುರಿಲ್ಲದಾಗ ನಾನು ನಗುತ್ತ ನಿಲ್ಲುತ್ತೇನೆ, ಅಭ್ಯಾಸಬಲ. ಅಜ್ಜಿ ಸೋತಳು. "ಅದು ಬದುಕೋದು ಅನುಮಾನ. ಬಿಟ್ಟು ಹೋಗು, ಬೇರೆಯಾಗಿ ಇಡ್ತೀನಿ. ಎರಡು ಕೊಡ್ತೀನಿ."

ಪುಕ್ಕಟೆಯ ಒಂದಕ್ಕೆ ಎರಡು! ನನ್ನ ಆಯುಷ್ಯದಲ್ಲೇ ಇಂಥ ವ್ಯಾಪಾರ ಕುದುರಿರಲಿಲ್ಲ.

"ನೋ, ಅಪ್ಪಾ."

"ಪುಟ್ಟಿ, ಎರಡು ಕೊಡ್ತಾರಂತ."

"ಐ ಡೋಂಟ್ ವಾಂಟ್ ಟೂ. ಐ ವಾಂಟ್ ಕೊಸರು." ಡಬ್ಬಿಯ ಮುಚ್ಚಳದ ಮೇಲೆ ಎರಡೂ ಕೈ.

ಎದ್ದು ಹೊರಡಲು ತಯಾರಿಲ್ಲದವನು ಚೌಕಾಸಿಯಲ್ಲಿ ಸೋಲುತ್ತಾನೆ ಎಂದು ಊರಿಗೆಲ್ಲ ಉಪದೇಶ ಮಾಡಿದವನು ನಾನು. ಮಗಳು ಕೊಸರನ್ನು ಬಿಟ್ಟು ಹೊರಡಲು ತಯಾರಿರಲಿಲ್ಲ, ಆದರೂ ಸೋತವನು ನಾನು. ಕಾರು ತಿರುಗಿಸುವಾಗ ಅಜ್ಜಿ ಒಂದು ಚೀಲ ಒಣ ಹೊಟ್ಟನ್ನು ಕಿಟಕಿಯಿಂದ ಒಳಗೆ ತುರುಕಿದಳು. ನಾನು ಕೇಳಿರಲೂ ಇಲ್ಲ.

ಔಷಧಿ ಕುಡಿಯುವ ನೀರಿಗೆ ಬೆರೆಸುವಂಥದು. ಅದರ ಗುಟ್ಟು ಕೇಳಿ: ನೋಡಲು ವಿಟಮಿನ್ನಿನ ಹಾಗೇ ಇರುತ್ತದಂತೆ. ಕಾಕ್ಸಿಡಿಯಾ ಅಸಲಿ ಮಾಲೆಂದು ಬಾಚಿಕೊಂಡು ಹಸಿವಿನಿಂದ ಸಾಯುತ್ತದೆ. ನನಗೆ ಅದರ ಮೇಲೆ ಕನಿಕರ ಬಂತು. ಅಸಲಿಯೆಂದು ಕೊಂಡ ಅಂಥ ಒಂದು ವಾಚು ನನ್ನಲ್ಲೂ ಇದೆ. ಐದು ದಿನ ಏಳಕ್ಕೂ ಔಷಧಿ ಕುಡಿಸಿದೆವು. ಪೈಪು ಸುತ್ತಿಟ್ಟೆ. ನಾಲ್ಕನೇ ಬೆಳಗ್ಗೆ ಕೊಸರು ಎದ್ದು ಬಂದು ನನ್ನ ಶೂ ಲೇಸು ಕುಕ್ಕಿತು.

ಈಗ ಏಳರಲ್ಲಿ ದಪ್ಪಗಿರುವುದು ಅದೇ. ಮೊನ್ನೆ ಅನ್ವಿತಾ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಅಪ್ಪಾ, ಸೆವೆನ್ ಕೋಳಿ. ಮೇಲೆ ಒನ್ ನಾಯಿ, ಕೊಸರು," ಎಂದಳು. ಹೇಳಿ ಹೋಗಲಿಲ್ಲ. ನಗುತ್ತ ನಿಂತಳು.

ಮೂರು ನಿಮಿಷ ಸಾಕೆಂದು ಮೇಲೆ ಬರೆದಿದ್ದೇನೆ, ತಿದ್ದಿಕೊಳ್ಳಿ. ನಾನು ತಡೆದುಕೊಂಡದ್ದು ಎರಡೇ ನಿಮಿಷ.