ಒಂದು ಸಾಲು ಮೇಲೇರಿದ ನಂಬರು

ದೇವರನ್ನೂ ದೈವವನ್ನೂ ನಂಬುವ ನಾನು, ಫೋನಿನಲ್ಲಿ ಯಾರದ್ದೋ ಸ್ವರ ಕೇಳಿಸಿತು ಎಂಬಂಥ ಕಥೆಗಳನ್ನು ಮಾತ್ರ ನಂಬಿದವಳಲ್ಲ. ಹೇಳಿದವರ ಎದುರೇ ನಕ್ಕದ್ದೂ ಉಂಟು. ಕೆಲವು ವರ್ಷಗಳ ಹಿಂದಿನ ಒಂದು ಬೆಳಿಗ್ಗೆಯ ನಂತರ ಆ ನಗು ಬಿಟ್ಟಿದ್ದೇನೆ. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಮ್ಮಲ್ಲಿ ದೇವಸ್ಥಾನ ಜೀರ್ಣೋದ್ಧಾರವಾಗಿ ಬ್ರಹ್ಮಕಲಶವೆಂದರೆ, ಊರಿನ ಒಂದೊಂದು ಬೈಲಿಗೂ, ಅಂದರೆ ಮನೆಗಳ ಗುಂಪಿಗೂ, ಒಂದೊಂದು ಸಮಿತಿಯಾಗುತ್ತದೆ. ಆಯಾ ಬೈಲಿನವರು ಮನೆಮನೆಗೆ ಹೋಗಿ ಮನೆಯ ಹೆಸರು, ಯಜಮಾನರ ಹೆಸರು, ಫೋನ್ ನಂಬರು ಬರೆದು ತರುತ್ತಾರೆ. ಪಂಜದ ಕಡೆಯ ನನ್ನ ತವರಿನ ದೇವಸ್ಥಾನದವರು ಅಂಥ ಪಟ್ಟಿಯನ್ನು ಟೈಪು ಮಾಡಿಸಿ, ಸ್ಕ್ಯಾನ್ ಮಾಡಿ, ಸವಣೂರಿನ ಗಂಡನ ಮನೆಯಲ್ಲಿರುವ ನನಗೆ ಕಳಿಸಿದ್ದರು. ಸ್ಕ್ಯಾನಿನಿಂದ ಅಕ್ಷರ ತೆಗೆದರೆ ಎಲ್ಲ ಕಲಸಿದ ಅನ್ನದಂತೆ ಬರುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ಕಾಲಂ ಕಾಲಂ ಆಗಿ ಬಿಡಿಸಿಡುವುದು ನನ್ನ ಕೆಲಸ. ಮದುವೆಗೆ ಮೊದಲು ಕಲಿತ ಕಂಪ್ಯೂಟರ್ ದೇವರ ಕೆಲಸಕ್ಕಾದರೂ ಬಂತಲ್ಲ ಎಂದು ಖುಷಿಯಿತ್ತು.

ಬೆಳಿಗ್ಗೆ ಹನ್ನೊಂದರ ಹೊತ್ತು. ಕುಕ್ಕರ್ ಇಳಿಸಿ ಬಂದು, ಮಾಡಿದ್ದು ಸರಿಯಾಗಿದೆಯೇ ನೋಡಲು ಒಂದು ಸಾಲಿನ ನಂಬರಿಗೆ ಕರೆ ಮಾಡಿದೆ. ಮನೆ ಕೆಳಗಿನಮೂಲೆ, ಯಜಮಾನ ಚೆನ್ನಪ್ಪ. ಎತ್ತಿದ್ದು ಹೆಂಗಸು. ನಾನು ನಮಸ್ಕಾರ ಎನ್ನುವ ಮೊದಲೇ ಪಿಸುಗುಟ್ಟಿದಳು:

"ಅಕ್ಕಾ, ಕತ್ತಿ ಹಿಡ್ಕೊಂಡಿದ್ದಾರೆ. ಒಂದು ಪೆಟ್ಟು ಬಿದ್ದಾಯ್ತು. ಚಿಲಕ ಹಾಕಿದ್ದೇನೆ, ಬಾಗಿಲು ಕಡೀತಾ ಇದ್ದಾರೆ."

ಹಿಂದೆ ಮರಕ್ಕೆ ಕಬ್ಬಿಣ ಬೀಳುವ ಸದ್ದು. ಒಂದು, ಮತ್ತೊಂದು. ಹಲಗೆ ಸೀಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು. "ತೆಗಿ, ಇವತ್ತು ನಿನ್ನ ತಲೆ ತೆಗೆದೇ ಊಟ!" ಎಂದು ಗಂಡಸೊಬ್ಬ ಅಬ್ಬರಿಸಿದ.

ಫೋನ್ ಇಟ್ಟರೆ ಅವಳ ಸ್ವರ ತಪ್ಪುತ್ತದೆ, ಇಡದಿದ್ದರೆ ಬೇರೆಯವರನ್ನು ಕರೆಯುವುದು ಹೇಗೆ? ಇಟ್ಟೆ. ಪಟ್ಟಿಯಲ್ಲಿ ಮೇಲಿನ ಸಾಲು ಕೆಳಗಿನಮೂಲೆಯ ಪಕ್ಕದ ಮನೆಯ ಪದ್ಮಯ್ಯಣ್ಣನದ್ದು, ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಅವರು ಮನೆಯಲ್ಲೇ ಸಿಕ್ಕಿದ್ದು ನನ್ನ ಪುಣ್ಯ.

"ಕೆಳಗಿನಮೂಲೆಯಲ್ಲಿ ಕೊಲೆ ಆಗ್ತಾ ಉಂಟು, ಓಡಿ ಮಾರಾಯ್ರೆ!"

"ಸವಣೂರಿನಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾದ್ದು? ಅಲ್ಲಿ ದಿನಾ ಗಲಾಟೆಯೇ."

"ಬಾಗಿಲು ಕಡೀತಾ ಇದ್ದಾನೆ. ಆಮೇಲೆ ನನಗೆ ಎಷ್ಟು ಬೇಕಾದ್ರೂ ಬೈಯಿರಿ, ಈಗ ಓಡಿ!"

ಅವರು ಹಾರೆ ಹಿಡಿದುಕೊಂಡೇ ಓಡಿದರಂತೆ. ಹೋಗುವಾಗ ಬಾಗಿಲಿನ ಒಂದು ಹಲಗೆ ಒಳಗೆ ಬಿದ್ದಾಗಿತ್ತು. ಚೆನ್ನಪ್ಪ ಆ ಸಂದಿಯಲ್ಲಿ ಭುಜ ತೂರಿಸಿ, ಕತ್ತಿ ಬೀಸುತ್ತಿದ್ದ. ಪದ್ಮಯ್ಯಣ್ಣ ಕೂಗಿದ್ದಕ್ಕೆ ತಿರುಗಿ ಅವರ ಮೇಲೂ ಬೀಸಿದ. ಏಟು ಅವರ ಕಿವಿಯ ತುದಿಯನ್ನು ಹರಿದುಕೊಂಡು ಹೋಯಿತು. ಅವರು ಹಾರೆಯಿಂದ ಅವನ ಮಣಿಕಟ್ಟಿಗೆ ಹೊಡೆದರು. ಮೂಳೆ ಮುರಿದ ಮೇಲೆಯೇ ಕತ್ತಿ ಕೆಳಗೆ ಬಿದ್ದದ್ದು. ಒಳಗೆ ಅವನ ಹೆಂಡತಿ ದೇವಕಿ ಭುಜದಿಂದ ಮೊಣಕೈವರೆಗೆ ಸೀಳಿಸಿಕೊಂಡು, ಬೈಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಯ ಹಿಂದೆ ರಕ್ತದಲ್ಲಿ ಕೂತಿದ್ದಳು. ಸುಳ್ಯದ ಆಸ್ಪತ್ರೆಗೆ ಮುಟ್ಟಿಸಿದರು. ಜೀವ ಉಳಿಯಿತು. ಕೈಯೂ ಉಳಿಯಿತು.

ಸಂಜೆ ತಾಳೆ ನೋಡಲು ಸ್ಕ್ಯಾನ್ ಹಾಳೆ ತೆರೆದೆ. ಕೆಳಗಿನಮೂಲೆಯ ಎದುರು ನಂಬರೇ ಇರಲಿಲ್ಲ. ಖಾಲಿ. ಬಿಡಿಸಿಡುವಾಗ ಆ ಖಾಲಿ ಜಾಗ ಮಾಯವಾಗಿ, ಕೆಳಗಿನ ನಂಬರುಗಳೆಲ್ಲ ಒಂದೊಂದು ಸಾಲು ಮೇಲೆ ಹತ್ತಿದ್ದವು. ನಾನು ಕರೆ ಮಾಡಿದ್ದು ಕೆಳಗಿನ ಸಾಲಿನ ಬೆಳ್ಯಪ್ಪ ಮಾಷ್ಟ್ರಿಗೆ! ಕೂಡಲೇ ಅದೇ ನಂಬರಿಗೆ ಮಾಡಿದೆ. ಮಾಷ್ಟ್ರೇ ಎತ್ತಿದರು. "ಹನ್ನೊಂದಕ್ಕಾ? ನಾನು ಸುಬ್ರಹ್ಮಣ್ಯದ ಬಸ್ಸಿನಲ್ಲಿದ್ದೆ ತಂಗಿ. ಫೋನ್ ಜೇಬಲ್ಲೇ ಇತ್ತು, ಯಾರದ್ದೂ ಬರ್ಲಿಲ್ಲ." ನನ್ನ ಫೋನಿನಲ್ಲಿ ಕರೆ ದಾಖಲಾಗಿದೆ. ಅವರದ್ದರಲ್ಲಿ ಇಲ್ಲ.

ವಾರ ಕಳೆದು ದೇವಕಿಯನ್ನು ನೋಡಲು ಆಸ್ಪತ್ರೆಗೆ ಹೋದೆ. ಬಾಯಿ ತೆರೆದದ್ದೇ ಗೊತ್ತಾಯಿತು, ಅದೇ ಸ್ವರ.

"ಅವತ್ತು ಯಾರ ಫೋನಲ್ಲಿ ಮಾತಾಡಿದ್ದು ನೀನು?" ಎಂದೆ.

"ಫೋನಾ? ನನ್ನದನ್ನು ಅವರು ಕಲ್ಲಿಗೆ ಬಡಿದು ಎರಡು ತಿಂಗಳಾಯ್ತು ಅಕ್ಕ. ಪಟ್ಟಿ ಬರೀಲಿಕ್ಕೆ ಬಂದವರಿಗೆ ಅವರ ನಂಬರನ್ನೂ ಕೊಡ್ಲಿಲ್ಲ. ಮತ್ತೆ ನಾನು ಮಾತಾಡುದೆಲ್ಲಿಂದ? ಉಸಿರು ಕೇಳಿದ್ರೆ ಎಲ್ಲಿದ್ದೇನೆ ಅಂತ ಗೊತ್ತಾಗ್ತದಲ್ಲ, ಬಾಯಿಗೆ ಸೆರಗು ತುರುಕಿಕೊಂಡಿದ್ದೆ."

ನಾನು ಕೇಳಿಸಿಕೊಂಡ ಮಾತುಗಳನ್ನು ಅವಳಿಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ದೇವರೇ ಮಾತಾಡಿದ್ದು ಎನ್ನುತ್ತಾರೆ ಎಲ್ಲರೂ. ದಿನಾ ದೀಪ ಇಡುವ ನನಗೆ ಹಾಗೆ ನಂಬುವುದು ಕಷ್ಟವಲ್ಲ, ಆಸೆಯೂ ಉಂಟು. ಆದರೆ ನಾನು ಕೇಳಿದ್ದು ಸಾಯಲು ಹೆದರಿದವಳ ಸ್ವರ. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ದೇವರಿಗೆ ಎಂತಕ್ಕೆ ಸಾವಿನ ಹೆದರಿಕೆ?